ಮೂರು ರೂಪಾಯಿಯ ಲೆಕ್ಕ

ಸೋಲಾಪುರ, ಅಕ್ಕಲಕೋಟ ರಸ್ತೆ. ನಮ್ಮ ಶೆಡ್ಡಿನಲ್ಲಿ
ಹನ್ನೆರಡು ಮಗ್ಗ. ಎಂಟರಲ್ಲಿ ನ್ಯಾಪ್‌ಕಿನ್ನು,
ನಾಲ್ಕರಲ್ಲಿ ಚಾದರ, ನವಿಲಿನದು.
ಗದ್ದಲ ಎಷ್ಟೆಂದರೆ
ಇಲ್ಲಿ ಮಾತನ್ನು ತುಟಿ ನೋಡಿ ಓದಿಕೊಳ್ಳಬೇಕು;
ತೆಲುಗೋ ಮರಾಠಿಯೋ ಕನ್ನಡವೋ,
ತುಟಿಗೆ ಅಂಥ ಫರಕಿಲ್ಲ.

ನೂಲಿನ ಲೆಕ್ಕ ಸುಲಭ. ತೂಗಿದರಾಯಿತು.
ಕೂಲಿಯೂ ಸುಲಭ: ನೇಯ್ದವರು ತಾವೇ ಎಣಿಸಿ ಹೇಳುತ್ತಾರೆ,
ಒಂದೂ ತಪ್ಪುವುದಿಲ್ಲ.
ತಕರಾರೆಲ್ಲ ಯಾವ ಬಟ್ಟೆಗೂ ಅಂಟದ ಖರ್ಚಿನದು.
ಬಾಡಿಗೆ ನಲವತ್ತೆರಡು ಸಾವಿರ,
ಜಾಬರನ ಪಗಾರ ಇಪ್ಪತ್ನಾಲ್ಕು,
ಮಗ್ಗ ಓಡಲಿ ಬಿಡಲಿ ಕರೆಂಟಿನವರಿಗೆ ಹದಿನೈದು,
ರಾತ್ರಿಯೆಲ್ಲ ಕೆಮ್ಮಿ ಕೆಮ್ಮಿ ಕಳ್ಳರನ್ನು ದೂರವಿಡುವ
ಮಹಿಬೂಬಸಾಬನಿಗೆ ಹನ್ನೊಂದು,
ಎಣ್ಣೆ, ಚಹಾ, ಶುಕ್ರವಾರದ ಊದುಬತ್ತಿ ಸೇರಿ ನಾಲ್ಕು.
ಒಟ್ಟು ತೊಂಬತ್ತಾರು ಸಾವಿರ.
ಆ ಕೆಮ್ಮನ್ನು ಯಾವ ಚಾದರದ ಯಾವ ಎಳೆಗೆ ಕಟ್ಟಲಿ?

ನನಗಿಂತ ಮೊದಲಿದ್ದ ಶಾಂತಲಿಂಗಪ್ಪನವರು
ತಲೆ ಕೆಡಿಸಿಕೊಂಡವರಲ್ಲ.
ಮೂವತ್ತು ಸಾವಿರ ನ್ಯಾಪ್‌ಕಿನ್ನು, ಎರಡು ಸಾವಿರ ಚಾದರ,
ಕೂಡಿಸಿ, ಭಾಗಿಸಿ,
ತಲೆಗೆ ಮೂರು ರೂಪಾಯಿ.
ಪಂಕ್ತಿಯೂಟಕ್ಕೆ ಕೂಸಿನಿಂದಲೂ ಪೈಲವಾನನಿಂದಲೂ
ಒಂದೇ ಪಟ್ಟಿ ಎತ್ತಿದ ಹಾಗೆ.
ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು.

ನಾನು ಬಂದೆ. ಬಿ.ಕಾಂ., ಹೊಸ ಕ್ಯಾಲ್ಕುಲೇಟರು,
ಕಣ್ಣು ಗೋಡೆಯ ಗಡಿಯಾರದ ಮೇಲೆ.
ಯಾವುದು ಎಷ್ಟು ಹೊತ್ತು ಮಗ್ಗ ಹಿಡಿಯುತ್ತದೋ
ಅಷ್ಟು ಹೊರಲಿ ಎಂದೆ. ತಾಸಿಗೆ ಇಪ್ಪತ್ತು.
ನ್ಯಾಪ್‌ಕಿನ್ನಿಗೆ ಎರಡು ರೂಪಾಯಿ ಹದಿಮೂರು ಪೈಸೆ.
ಚಾದರಕ್ಕೆ ಹದಿನಾರು.
ಚಾದರದಲ್ಲಿ ಕಾಣುತ್ತಿದ್ದ ಒಂಬತ್ತು ರೂಪಾಯಿ ಲಾಭ
ನಾಲ್ಕು ರೂಪಾಯಿ ಲುಕ್ಸಾನಾಗಿ ಕೂತಿತ್ತು.
ಎರಡು ಸಲ ತಾಳೆ ನೋಡಿದೆ. ಸರಿಯಾಗಿತ್ತು.
ಸರಿಯಾಗಿದ್ದಕ್ಕೆ ಖುಷಿಯೂ ಆಯಿತು, ಸುಳ್ಳೇಕೆ.

"ಯಾರದೋ ದುಡ್ಡು, ಎಲ್ಲವ್ವನ ಜಾತ್ರಿ!"
ಎಂದರು ಬಿರಾಜದಾರ ಮಾಲಕರು.
"ಇಷ್ಟು ವರ್ಷ ನ್ಯಾಪ್‌ಕಿನ್ನು ದುಡದು
ನವಿಲಿಗೆ ಕಾಳು ಹಾಕ್ಯದ ಅಂದಂಗಾತು."
ಹದಿನೈದು ದಿನದಲ್ಲಿ ನಾಲ್ಕೂ ಜಕಾರ್ಡು ಗುಜರಿಗೆ,
ಕಿಲೋ ಲೆಕ್ಕದಲ್ಲಿ.

ಅಂಬಾದಾಸ ಗಡ್ಡಂ ಜಗಳಾಡಲಿಲ್ಲ.
ತೂತು ಕೊರೆದ ರಟ್ಟುಗಳ ಸರ ಬಿಚ್ಚಿ
ಒಂದನ್ನು ನನ್ನ ಮೇಜಿಗೆ ತಂದ.
"ತೂತು ಇದ್ದಲ್ಲಿ ಎಳಿ ಏಳ್ತದ, ಇಲ್ಲದಲ್ಲಿ ಕೂತಿರ್ತದ.
ಕೂತದ್ದೂ ಬೇಕವ್ವಾ, ನವಿಲು ಕಾಣಲಿಕ್ಕ."

ತಿಂಗಳ ಕೊನೆ. ಲೆಡ್ಜರು ತೆಗೆದೆ.
ಚಾದರ ಹೋಗಿತ್ತು. ಬಾಡಿಗೆ ಹೋಗಿರಲಿಲ್ಲ.
ನಾಲ್ಕು ಮಗ್ಗ ಕಡಿಮೆಯಾದವೆಂದು
ಮಹಿಬೂಬಸಾಬ ಕಡಿಮೆ ಕೆಮ್ಮಲಿಲ್ಲ.
ಅದೇ ತೊಂಬತ್ತಾರು, ಹೊರಲು ನ್ಯಾಪ್‌ಕಿನ್ನು ಮಾತ್ರ:
ಮೂರು ರೂಪಾಯಿ ಇಪ್ಪತ್ತು ಪೈಸೆ.
ಹಗುರ ಮಾಡಲು ಹೋದವಳು
ಹಳೆಯ ಲೆಕ್ಕಕ್ಕಿಂತ ಇಪ್ಪತ್ತು ಪೈಸೆ ಹೆಚ್ಚೇ ಹೊರಿಸಿದ್ದೆ.

ಮಾಲಕರಿಗೆ ಇನ್ನೂ ಹೇಳಿಲ್ಲ.
ಹೇಳಿದರೆ ಮುಂದಿನ ಪ್ರಶ್ನೆ ಗೊತ್ತು:
ಹಂಗಾದ್ರ ಈ ಎಂಟರಾಗ ಲುಕ್ಸಾನಿಂದು ಯಾವದು?

ರಟ್ಟು ಆ ಪುಟದ ಮೇಲೆಯೇ ಇದೆ.
ತೂತುಗಳಲ್ಲಿ ಅಲ್ಲೊಂದು ಇಲ್ಲೊಂದು ಅಂಕಿ ಇಣುಕುತ್ತದೆ,
ಉಳಿದವು ಕೂತಿವೆ.
ಆಚೆ, ಮಗ್ಗ ಕಿತ್ತ ನೆಲದಲ್ಲಿ
ಬೋಲ್ಟು ಕಿತ್ತ ಹದಿನಾರು ಗುಳಿ. ಒಂದರಲ್ಲಿ ಯಾರೋ
ಚಹಾದ ಗ್ಲಾಸು ಇಟ್ಟು ಹೋಗಿದ್ದಾರೆ, ಅಳತೆಗೆ ಸರಿಯಾಗಿದೆ.
ಅದರ ಕೆಳಗಿನ ನೆಲಕ್ಕೂ ಬಾಡಿಗೆ ಇದೆ.