ಒಂದು ಫರ್ಸಿಯಷ್ಟು ಮೆಂತ್ಯ

ಶಹಾಬಾದಿನ ನಮ್ಮ ಹಿತ್ತಲಲ್ಲಿ ಮಣ್ಣೇ ಇಲ್ಲ.
ಮೈಲಾರಿ ಮಾವ ದಾರ ಹಿಡಿದು
ಮೂರು ದಿನ ಕುಕ್ಕರುಗಾಲಲ್ಲಿ ಕೂತು ಹಾಸಿದ ಕಲ್ಲು;
ಸಂದಿಯಲ್ಲಿ ಇರುವೆ ಕೂಡ ಮೈ ಓರೆ ಮಾಡಿ ಇಳಿಯಬೇಕು.

ನಾನು ಒಂದನ್ನು ಎಬ್ಬಿಸಿದೆ.
ಅವರು ಸಂತೆಗೆ ಹೋದಾಗ, ಹಾರೆ ಮೀಟಿ.
ಅಡಿಗೆ ತಣ್ಣನೆ ಎರೆಮಣ್ಣು,
ಬಿಳಿಚಿಕೊಂಡ ಒಂದು ಎರೆಹುಳ,
ಬೆಳಕು ಕಂಡು ನನಗಿಂತ ಹೆಚ್ಚು ಗಾಬರಿಯಾದದ್ದು.

ಸಾಸಿವೆ ಡಬ್ಬಿಯ ಪಕ್ಕದ ಮೆಂತ್ಯ, ಒಂದು ಮುಷ್ಟಿ.
ರಾತ್ರಿ ನೆನೆಸಿ, ಬೆಳಗ್ಗೆ ಚೆಲ್ಲಿ,
ಅಕ್ಕಿ ತೊಳೆದ ನೀರು.

ಮಾವ ಮಾತಾಡಲಿಲ್ಲ.
ಎದ್ದ ಕಲ್ಲನ್ನು ಗೋಡೆಗೆ ಒರಗಿಸಿ
ಅಂಗೈಯಿಂದ ಅದರ ಬೆನ್ನು ಒರೆಸಿದರು, ಅಷ್ಟೆ.

ಇಪ್ಪತ್ತೆರಡನೆಯ ದಿನ ಕಿತ್ತೆ.
ಗಣಿಯ ಧೂಳು ಬಿಡಲೆಂದು ನಾಲ್ಕು ನೀರು.
ಉಪ್ಪು ತಿಕ್ಕಿ ಹಿಂಡಿದೆ, ತವರಲ್ಲಿ ಕಲಿತಂತೆ;
ಹಸಿರು ನೀರು ಮೋರಿಗೆ.
ಕುಸುಬಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ,
ಅರೆಬೆಂದ ತೊಗರಿಬೇಳೆ.

ರೊಟ್ಟಿ ಮುರಿದು ಒಂದು ತುತ್ತು.
ದವಡೆ ನಿಂತಿತು.
‘ಕಹಿ ಎಲ್ಲಿ ಹೋತವ್ವ?’
‘ಹಿಂಡಿ ತೆಗದೀನ್ರಿ ಮಾವ.’
‘ಹಿಂಡಬ್ಯಾಡ. ಗಣ್ಯಾಗ ಧೂಳಿ ತಿಂದು ತಿಂದು
ಈ ನಾಲಿಗಿಗೆ ತಿಳಿಯೂದು ಅದೊಂದೇ ಉಳದದ.’

ನನಗೆ ಮೋರಿಯ ನೆನಪಾಯಿತು.
ಕಲ್ಲಿನ ಮೇಲೆ ಹಸಿರು ಕಲೆ
ಆಗಲೇ ಒಣಗುತ್ತಿತ್ತು.

ಮರುದಿನ ನಸುಕಿಗೇ ಠಣ್, ಠಣ್.
ಕದ ತೆಗೆದರೆ ಹಿತ್ತಲಲ್ಲಿ ಮಾವ,
ಕೈಯಲ್ಲಿ ಹಾರೆ,
ತಾವೇ ಹಾಸಿದ ಕಲ್ಲುಗಳನ್ನು
ಒಂದೊಂದಾಗಿ ತಟ್ಟುತ್ತ, ಕಿವಿಗೊಡುತ್ತ,
ಯಾವುದರ ಕೆಳಗೆ
ಮಣ್ಣು ಇನ್ನೂ ಸಡಿಲ ಉಳಿದಿದೆ ಎಂದು.