ಮಲ್ಪೆಯ ಗಂಟು

ಮಾಲಕನ ಮೊಬೈಲಿನೊಳಗ ಬಂಗಾಳ ಕೊಲ್ಲಿ ತಿರಗಾಕತ್ತಿತ್ತು,
ಬೆಳ್ಳಗ, ಬಡದ ರೊಟ್ಟಿ ತಿರಗಿದಂಗ.
"ನಾಳಿ ರಾತ್ರಿ" ಅಂದ.
ಶಿವರಾತ್ರಿಗೆ ಎಂಟು ದಿನ ಇತ್ತು,
ಶಿವ ಶಿವಾ ಅಂತ ಹೋಗಬೇಕಾದ ಚಳಿ
ತಿರುಗಿ ಬಂದು ಬಾಗಿಲದಾಗ ನಿಂತಿತ್ತು.

ಬಿಜ್ಜರಗಿಯಾಗ ಸಮುದ್ರ ಕಂಡವರಿಲ್ಲ,
ಹುಸೇನಸಾಬ ಒಬ್ಬನ ಬಿಟ್ಟು.
ಮಲ್ಪೆಯ ಬೋಟಿನಾಗ ಎರಡು ವರ್ಷ ಬಲಿ ಎಳದು
ಯಾಕ ಬಂದ ಅಂತ ಯಾರಿಗೂ ಹೇಳಿಲ್ಲ.

ಶೆಡ್ಡಿನ ಜಾಳಗಿ ಮ್ಯಾಲ ದ್ರಾಕ್ಷಿ, ಒಂಬತ್ತು ದಿನದ್ದು,
ಹಣ್ಣೂ ಅಲ್ಲ, ಮಣುಕಾನೂ ಅಲ್ಲ.
ಒಂದ ಹನಿ ಬಿದ್ದರ ಕಪ್ಪು.
ಏಳು ಮಂದಿ ಹೆಂಗಸರು ತಾಡಪತ್ರಿ ಜಗ್ಗಿ
ಕಂಬಕ್ಕ ಕಟ್ಟಿದ್ವಿ.
ಅವ ಒಂದೊಂದೂ ಬಿಚ್ಚಿ ಹಾಕಿದ.

"ಎಮ್ಮಿ ಕಟ್ಟೂ ಗಂಟಲ್ಲಬೇ ಇದು.
ಗಾಳಿ ಎಳದಷ್ಟೂ ಬಿಗಿ ಆಗಬೇಕು,
ನೀ ಬಾಲ ಜಗ್ಗಿದ ಕೂಡಲೆ ಬಿಡಬೇಕು."
ಗೌರಾಬಾಯಿ ನಕ್ಕಳು:
"ಅಂಥಾ ಗಂಡ ಸಿಕ್ಕಿದ್ದರ ಚಲೋ ಇತ್ತು."

ನಡುರಾತ್ರಿ ಬಂತು.
ಹನಿ ಇಪ್ಪತ್ತೋ ಮೂವತ್ತೋ, ಗಾಳಿ ಮಾತ್ರ ರಗಡ.
ತಾಡಪತ್ರಿ ಉಬ್ಬಿತು, ಕಂಬ ನರಳಿದವು,
ಕಂದೀಲು ಹಿಡಕೊಂಡು ನಾವು
ಗಂಟು ನೋಡಕೋತ ಕುಂತಿದ್ವಿ.

ಬೆಳಗಾದ ಮ್ಯಾಲ ಬಾಲ ಜಗ್ಗಿದರ
ಎಲ್ಲಾ ಗಂಟು ಸರಕ್ಕನ ಬಿಟ್ಟವು.
ನಾ ಕಟ್ಟಿದ್ದೊಂದು ಕುಡಗೋಲಿಲೆ ಕೊಯ್ಯಬೇಕಾತು.

ಹುಸೇನಸಾಬ ಕಡೀ ಹಗ್ಗ ಹಿಡಕೊಂಡು
ಭಾಳೊತ್ತು ನಿಂತ,
ಬಿಟ್ಟರ ಶೆಡ್ಡು ತೇಲಿ ಹೋದೀತು ಅನ್ನೂವಂಗ.
ನಾ ಕರೀಲಿಲ್ಲ.

ರಾತ್ರಿ ಪಾಳೇದ ನೂರು ರೂಪಾಯಿ
ಮಾಲಕ ಇನ್ನೂ ಕೊಟ್ಟಿಲ್ಲ.