ಮುಂದೆ ಕಪ್ಪೆ, ಹಿಂದೆ ಇಸ್ತ್ರಿಪೆಟ್ಟಿಗೆ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಅದು
ಲಾರಿಯ ಬೆನ್ನೇರಿ ಬಂದ ದಿನ
ಟಿಂಕರ್ ಇನಾಸ ನಕ್ಕ:
‘ಮುಂದೆ ಕಪ್ಪೆ, ಹಿಂದೆ ಇಸ್ತ್ರಿಪೆಟ್ಟಿಗೆ!
ಯಾವ ಪುಣ್ಯಾತ್ಮ ಗೆರೆ ಎಳೆದನೋ ಮಾರಾಯ.’
ನನಗೂ ಹಿಡಿಸಲಿಲ್ಲ, ಸುಳ್ಳೇಕೆ.
ಚಹಾ ತಂದ ಹುಡುಗಿ ಮಾತ್ರ
ಲೋಟ ಕೊಡುವುದ ಮರೆತು ನಿಂತಳು.

ಹೊಟ್ಟೆ ನೆಲಕ್ಕೂರಿ ಮಲಗಿತ್ತು ಸಿಟ್ರೊಯೆನ್.
ಪಾಟಾ ಇಲ್ಲ, ಸ್ಪ್ರಿಂಗ್ ಇಲ್ಲ,
ಗಾಲಿಗೊಂದು ಗುಂಡು, ಗುಂಡಿನೊಳಗೆ ಗ್ಯಾಸು,
ನರನರಕ್ಕೂ ಹಸಿರು ಎಣ್ಣೆ.
ದಸ್ತಗೀರ್ ಸಾಬರು ಎರಡು ವರ್ಷ
ಸೋರಿಕೆ ಹುಡುಕಿದರು,
ಫ್ರೆಂಚ್ ಪುಸ್ತಕದ ಚಿತ್ರಗಳನ್ನಷ್ಟೇ ಓದಿ.

ಒಂದು ಸಂಜೆ ಚಾವಿ ತಿರುವಿದರು.
ಮೊದಲು ಹಿಂಭಾಗ,
ಸ್ವಲ್ಪ ತಡೆದು ಮೂತಿ,
ಹಟ್ಟಿಯಲ್ಲಿ ಎಮ್ಮೆ ಏಳುವ ಹಾಗೆ
ಎದ್ದು ನಿಂತಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಸಾಬರು ಕೈ ಒರೆಸಿಕೊಂಡರು, ಅಷ್ಟೇ.

ಆಗುಂಬೆ ಘಾಟಿಗೆ ಇಳಿದಾಗ ರಾತ್ರಿ.
ಸ್ಟೇರಿಂಗಿನ ಜೊತೆ ಕಣ್ಣೂ ಹೊರಳಿ
ನಾವು ಹೊರಳುವ ಮೊದಲೇ
ತಿರುವಿನಾಚೆಯ ಕಲ್ಲು ಬೆಳಗಿತು.
ಅದಕ್ಕೆ ಗೊತ್ತಿತ್ತು ದಾರಿ, ನಮಗಿಂತ ಒಂದು ಗಳಿಗೆ ಮುಂಚೆ.

ಹಿಂದಿನ ಸೀಟಿನಲ್ಲಿ ಇನಾಸ
ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು,
ಗುಂಡಿಯ ಮೇಲೆ ಗುಂಡಿ ದಾಟುತ್ತ,
‘ಏನೇ ಹೇಳು, ಮುಖ ಕಪ್ಪೆಯದ್ದೇ’ ಅಂದ

ಒಂದು ಹನಿಯೂ ಚೆಲ್ಲದೆ.